ಮುಂದಾಳುಗಳು ಹಾಡಿಯಲ್ಲೇ ಇದ್ದಾರೆ

ಕಾಫಿ ಹಣ್ಣಾಗುವ ಕಾಲ ಬಂತೆಂದರೆ ಪಿರಿಯಾಪಟ್ಟಣದ ಕಾಡಂಚಿನ ಗಿರಿಜನ ಹಾಡಿಗಳಲ್ಲಿ ಬೆಳಕು ಹರಿಯುವ ಮೊದಲೇ ಜೀಪಿನ ಹಾರ್ನ್ ಕೇಳಿಸುತ್ತದೆ. ಕೊಡಗಿನ ತೋಟಗಳಿಗೆ ಆಳು ಕರೆದೊಯ್ಯುವ ಜೀಪು ಅದು. ತಲೆಗೆ ವಸ್ತ್ರ ಸುತ್ತಿಕೊಂಡ ಹೆಂಗಸರು, ಬುತ್ತಿ ಹಿಡಿದ ಗಂಡಸರು, ಅವರ ಸಂದಿಯಲ್ಲಿ ಮೊಣಕಾಲು ಮಡಚಿ ಕೂತ ಹದಿನಾಲ್ಕರ ಹುಡುಗ.

ಮಳೆಗಾಲದ ನಡುವೆ ಹುಣಸೂರಿನ ಕಡೆ ಹೋದರೆ ನೋಟ ಬೇರೆ. ಹೊಲಗಳ ನಡುವೆ ಎತ್ತರಕ್ಕೆ ನಿಂತ ತಂಬಾಕಿನ ಬ್ಯಾರನ್‌ಗಳು, ಹಗಲಿರುಳೂ ಉರಿಯುವ ಸೌದೆ, ಹಸಿ ಎಲೆಯನ್ನು ಕಡ್ಡಿಗೆ ಪೋಣಿಸುವ ಕೈಗಳು. ಕೆ.ಆರ್. ನಗರದಲ್ಲಿ ನಾಲೆಗೆ ಕಾವೇರಿ ನೀರು ಬಿಟ್ಟೊಡನೆ ಗದ್ದೆ ತುಂಬ ನಾಟಿಯ ಸಾಲು. ಎಚ್.ಡಿ. ಕೋಟೆಯಲ್ಲಿ ಹತ್ತಿ, ಶುಂಠಿ, ಅದರಾಚೆ ಕಬಿನಿಯ ಹಿನ್ನೀರು, ಹಿನ್ನೀರಿನಾಚೆ ಕಾಡು. ಮೈಸೂರು ಜಿಲ್ಲೆಯ ಈ ನಾಲ್ಕೂ ತಾಲ್ಲೂಕುಗಳ ಚೆಲುವು ಬೇರೆ ಬೇರೆ. ಕೂಲಿಯ ಸುಗ್ಗಿಯಲ್ಲಿ ಶಾಲೆಯ ಹಿಂದಿನ ಬೆಂಚು ಬರಿದಾಗುವ ಸಂಕಟ ಮಾತ್ರ ಒಂದೇ.

ಈ ಸಂಕಟಕ್ಕೆ ಮೊದಲು ಕಿವಿಗೊಟ್ಟವರಲ್ಲಿ ಇನ್ನೂ ಓದುತ್ತಿದ್ದ ಹುಡುಗರೇ ಇದ್ದರು. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿ ಆರ್. ಬಾಲಸುಬ್ರಹ್ಮಣ್ಯಂ ಗೆಳೆಯರನ್ನು ಕಟ್ಟಿಕೊಂಡು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಆರಂಭಿಸಿದಾಗ ಅವರಿಗೆ ಹತ್ತೊಂಬತ್ತರ ಆಸುಪಾಸು. ಮೊದಮೊದಲು ಮೈಸೂರಿನಲ್ಲೇ ಬಡ ರೋಗಿಗಳಿಗೆ ಔಷಧಿ ಒದಗಿಸುವ ಕೆಲಸ. 1987ರಲ್ಲಿ ಎಚ್.ಡಿ. ಕೋಟೆಯ ಬ್ರಹ್ಮಗಿರಿ ಹಾಡಿಯಲ್ಲಿ ಪುಟ್ಟ ಚಿಕಿತ್ಸಾಲಯ ತೆರೆಯಿತು. ಕಬಿನಿ ಅಣೆಕಟ್ಟೆ, ಬಂಡೀಪುರ, ನಾಗರಹೊಳೆಗಳಿಗಾಗಿ ನೆಲೆ ಬಿಟ್ಟ ಜೇನುಕುರುಬ, ಕಾಡುಕುರುಬ, ಯರವ ಕುಟುಂಬಗಳ ನಾಡಿದು. ಜ್ವರಕ್ಕೆ ಗುಳಿಗೆ ಕೊಡುತ್ತಿದ್ದ ಎಳೆಯ ವೈದ್ಯರಿಗೆ, ಗುಳಿಗೆಯಿಂದಷ್ಟೇ ಈ ಮಕ್ಕಳ ಬದುಕು ನೇರ್ಪಾಗದು ಎಂಬುದು ಬೇಗ ಅರಿವಾಯಿತು. ದನದ ಕೊಟ್ಟಿಗೆಯಲ್ಲಿ ಪಾಠ ಶುರುವಾಯಿತು. ಆ ಪಾಠ ಮುಂದೆ ಹೊಸಹಳ್ಳಿಯ ಗಿರಿಜನ ಶಾಲೆಯಾಗಿ ಬೆಳೆಯಿತು. ಕೆಂಚನಹಳ್ಳಿಯಲ್ಲಿ ಆಸ್ಪತ್ರೆ ಎದ್ದಿತು, ಸರಗೂರಿನಲ್ಲಿ ವಿವೇಕಾನಂದ ಸ್ಮಾರಕ ಆಸ್ಪತ್ರೆ ನಿಂತಿತು.

ಆ ಕಟ್ಟಡಗಳಿಗಿಂತ ನನಗೆ ದೊಡ್ಡದಾಗಿ ಕಾಣುವುದು ಬೇರೆ ಸಂಗತಿ. ಪಟ್ಟಣದ ಹುಡುಗರು ಹೊತ್ತು ತಂದ ಕೆಲಸ ಇಂದು ಹಾಡಿಯಲ್ಲೇ ಹುಟ್ಟಿದ ಹುಡುಗ ಹುಡುಗಿಯರ ಕೈಗೆ ಬಂದಿದೆ. ಶಾಲೆಯಲ್ಲಿ ಓದಿದವರು ಶಾಲೆಗೆ ಮರಳಿ ಪಾಠ ಹೇಳುತ್ತಾರೆ. ಆರೋಗ್ಯ ಕಾರ್ಯಕರ್ತೆಯರಾಗಿ ಮನೆ ಮನೆ ಸುತ್ತುತ್ತಾರೆ. 2012ರಲ್ಲಿ ಸರಗೂರಿನಲ್ಲಿ ಶುರುವಾದ ಸಮುದಾಯ ಬಾನುಲಿ ಜನಧ್ವನಿ, ಸುತ್ತಲಿನ ಹಳ್ಳಿ ಹಾಡಿಗಳ ದನಿಗೆ ಮೈಕ್ ಒಡ್ಡಿದೆ.

ಸಂಜೆ ಹೊತ್ತು ಹಾಡಿಯ ಕಡೆ ಹೋಗಿ ನೋಡಬೇಕು. ಕಟ್ಟಿಗೆ ಹೊರೆ ಇಳಿಸಿದ ತಾಯಂದಿರು ಒಲೆ ಹಚ್ಚುತ್ತಾರೆ. ಸಮುದಾಯ ಭವನದ ಜಗಲಿಯಲ್ಲೋ ಅಂಗನವಾಡಿಯ ಅಂಗಳದಲ್ಲೋ ಚಾಪೆ ಹರಡಿಕೊಳ್ಳುತ್ತದೆ. ಪಿಯುಸಿ ಮುಗಿಸಿದ ಹುಡುಗಿಯೊಬ್ಬಳು ಗೋಡೆಗೆ ಹಲಗೆ ಆನಿಸಿ ನಿಲ್ಲುತ್ತಾಳೆ. ಮಕ್ಕಳಿಗೆ ಅವಳು ಮೇಡಂ ಅಲ್ಲ, ಅಕ್ಕ. ಕನ್ನಡದಲ್ಲಿ ಹೇಳಿದ ಲೆಕ್ಕ ಅರ್ಥವಾಗದ ಮಗುವಿಗೆ ಮನೆಮಾತಿನಲ್ಲೇ ತಿಳಿಹೇಳುತ್ತಾಳೆ. ಹೊರಗಿನಿಂದ ಬಂದ ಯಾವ ಶಿಕ್ಷಕರಿಗೂ ಸುಲಭಕ್ಕೆ ಒಲಿಯದ ವಿದ್ಯೆ ಅದು. ಪಾಠ ಮುಗಿದ ಮೇಲೆ ಅವಳ ಇನ್ನೊಂದು ಕೆಲಸ ಶುರು. ಮೂರು ದಿನದಿಂದ ಬಾರದ ಹುಡುಗನ ಮನೆ ಬಾಗಿಲಿಗೆ ಹೋಗುತ್ತಾಳೆ. “ನಾಳೆಯಾದ್ರೂ ಅವನ್ನ ಇಸ್ಕೂಲಿಗೆ ಕಳಿಸವ್ವ, ಜೀಪು ಹತ್ತಿಸಬೇಡ” ಎನ್ನುತ್ತಾಳೆ. ಆ ತಾಯಿ ಅವಳ ಮಾತು ಕೇಳುತ್ತಾಳೆ, ಯಾಕೆಂದರೆ ಅವಳನ್ನು ಎತ್ತಿ ಆಡಿಸಿದವಳು ತಾನೇ.

ಇಂಥ ಕೆಲಸ ಬರೀ ಪಾಠಕ್ಕೆ ಮುಗಿಯುವುದಿಲ್ಲ. ಗಿರಿಜನರಲ್ಲಿ ಹೆಚ್ಚಾಗಿ ಕಾಣುವ ಸಿಕಲ್ ಸೆಲ್ ರಕ್ತಹೀನತೆಯ ತಪಾಸಣೆಗೆ ಜನರನ್ನು ಒಪ್ಪಿಸಬೇಕು, ಜಾತಿ ಪ್ರಮಾಣಪತ್ರ, ವಿದ್ಯಾರ್ಥಿವೇತನದ ಅರ್ಜಿಗಳನ್ನು ತುಂಬಿಕೊಡಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿ ಎಲ್ಲಿ ಕೂತಿದೆ ಎಂದು ಹುಣಸೂರಿನ ಗಿರಿಜನ ಯೋಜನೆಯ ಕಚೇರಿಗೆ ಅಲೆದು ಕೇಳಬೇಕು. ನಾಗರಹೊಳೆಯಿಂದ ಹೊರಬಂದು ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ನೆಲೆಸಿದವರ ಮಕ್ಕಳೂ ಈಗ ಹರೆಯದವರು. ಹೈಕೋರ್ಟ್ ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ ನೆಲೆ ಕಳೆದುಕೊಂಡ 3,418 ಕುಟುಂಬಗಳನ್ನು ಗುರುತಿಸಿ, 2014ರಲ್ಲಿ ವರದಿ ಕೊಟ್ಟಿತು. ಅಂಥ ವರದಿಯನ್ನು ಅಜ್ಜನಿಗೆ ಓದಿ ಹೇಳಬಲ್ಲ ಮೊಮ್ಮಗ ಹಾಡಿಯಲ್ಲಿದ್ದರೆ, ನ್ಯಾಯ ಕೇಳುವ ದನಿಗೆ ಬಲ ಬರುತ್ತದೆ.

ಬಯಲಿನ ಹಳ್ಳಿಗಳ ಎಳೆಯರ ಗೋಳು ಕಡಿಮೆಯದೇನಲ್ಲ. ಕೆ.ಆರ್. ನಗರದ ಹಸಿರು ಗದ್ದೆಗಳ ನಡುವಿನ ಊರಲ್ಲೂ ಪರೀಕ್ಷೆಯ ಭಯ, ಕುಡಿತದ ಚಟ, ಮೊಬೈಲಿನ ಸೆಳೆತ, ಹದಿನೆಂಟು ತುಂಬುವ ಮೊದಲೇ ಮದುವೆಯ ಮಾತು ಎಲ್ಲವೂ ಇವೆ. ರಾಜ್ಯದ ಯುವ ಸಬಲೀಕರಣ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ ರೂಪಿಸಿದ ‘ಯುವ ಸ್ಪಂದನ’ ಕಾರ್ಯಕ್ರಮ ಇದಕ್ಕೆಂದೇ ಸ್ಥಳೀಯ ತರುಣ ತರುಣಿಯರನ್ನು ‘ಯುವ ಪರಿವರ್ತಕ’ರಾಗಿ ತರಬೇತಿಗೊಳಿಸಿತು. ಓದು, ಆರೋಗ್ಯ, ಸಂಬಂಧ, ಸುರಕ್ಷತೆ ಯಾವುದರ ಬಗ್ಗೆಯಾದರೂ ಅಪ್ಪನ ಮುಂದೆ ಬಾಯಿ ಬಿಡದ ಹುಡುಗ ತನ್ನದೇ ವಯಸ್ಸಿನವನ ಮುಂದೆ ಮನಸ್ಸು ಬಿಚ್ಚುತ್ತಾನೆ. ಸಲಹೆಗಿಂತ ಮೊದಲು ಕೇಳುವ ಕಿವಿ ಬೇಕು ಎಂಬುದೇ ಅದರ ಬುನಾದಿ.

ನಾವು ಸಾಮಾನ್ಯವಾಗಿ ಯುವಕರನ್ನು ಕುರ್ಚಿ ಜೋಡಿಸಲು, ಬ್ಯಾನರ್ ಕಟ್ಟಲು ಕರೆಯುತ್ತೇವೆ. ಸಭೆಯಲ್ಲಿ ತೀರ್ಮಾನ ಮಾಡುವಾಗ ಅವರನ್ನು ಬಾಗಿಲಾಚೆ ನಿಲ್ಲಿಸುತ್ತೇವೆ. ಯಾವ ಹಾಡಿಗೆ ಸಂಜೆ ಪಾಠ ಬೇಕು, ಯಾವ ಹುಡುಗಿಯ ಮನೆಯಲ್ಲಿ ಮದುವೆಯ ಸುದ್ದಿ ಎದ್ದಿದೆ, ಯಾವ ಮನೆಗೆ ಪಡಿತರ ತಲುಪಿಲ್ಲ ಎಂಬುದು ಅವರಿಗೆ ಗೊತ್ತು. ಗೊತ್ತಿರುವವರ ಕೈಗೆ ಯೋಜನೆ ಕೊಡಬೇಕು, ಜೊತೆಗೆ ಖರ್ಚಿನ ಲೆಕ್ಕವನ್ನೂ ಕೊಡಬೇಕು. ಹಾಗೆಯೇ, ಓಡಾಟದ ಬಸ್ ಚಾರ್ಜಿಗೂ ಗತಿಯಿಲ್ಲದ ಮನೆಯ ಹುಡುಗಿಯಿಂದ ವರ್ಷಗಟ್ಟಲೆ ಬಿಟ್ಟಿ ದುಡಿಮೆ ಬಯಸುವುದು ಸೇವೆಯ ಹೆಸರಿನ ಅನ್ಯಾಯ. ಗೌರವಧನ, ತರಬೇತಿ, ಮುಂದೆ ಓದುವ ದಾರಿ ಈ ಮೂರೂ ಅವಳಿಗೆ ಸಲ್ಲಬೇಕು.

1984ರಲ್ಲಿ ಕೆಲವು ವಿದ್ಯಾರ್ಥಿಗಳು ಯಾರ ಅಪ್ಪಣೆಗೂ ಕಾಯದೆ ಹೆಜ್ಜೆಯಿಟ್ಟರು. ಅವರಿಗೆ ಊರಿನ ಹಿರಿಯರು, ಹಾಡಿಯ ಯಜಮಾನರು ನಂಬಿ ಜಾಗ ಕೊಟ್ಟರು. ಇಂದಿನ ಹುಡುಗಿಗೂ ಅದೇ ನಂಬಿಕೆ ಬೇಕು. ಗ್ರಾಮ ಪಂಚಾಯಿತಿಯ ಸದಸ್ಯರೇ, ಕಾಲೇಜಿನ ಮೇಷ್ಟ್ರೇ, ಸಂಸ್ಥೆಗಳನ್ನು ನಡೆಸುವವರೇ, ಮುಂದಿನ ಸಭೆಗೆ ನಿಮ್ಮೂರಿನ ಇಬ್ಬರು ಎಳೆಯರನ್ನು ಕರೆದು ಕೂರಿಸಿ. ಅವರು ಹೇಳುವುದನ್ನು ಪೂರ್ತಿ ಕೇಳಿ, ಒಂದು ಕೆಲಸದ ಹೊಣೆಯನ್ನು ಪೂರ್ತಿಯಾಗಿ ಅವರಿಗೇ ಒಪ್ಪಿಸಿ.