ಮೊದಲ ಕ್ಯಾಮೆರಾ ಡ್ರೋನ್: ಆಯ್ಕೆ ಹೇಗೆ?

ಕ್ಯಾಮೆರಾ ಡ್ರೋನ್ ಕೊಳ್ಳುವಾಗ ಮೊದಲು ನೋಡಬೇಕಾದದ್ದು ತೂಕ. ಭಾರತದ 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದು ನ್ಯಾನೊ. ಅದನ್ನು ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ಹೊಸಬರಿಗೆ ಇದೇ ಸರಿಯಾದ ವರ್ಗ.

ಆಮೇಲೆ ಜಿಪಿಎಸ್. ಅದಿಲ್ಲದ ಅಗ್ಗದ ಡ್ರೋನ್ ಸಣ್ಣ ಗಾಳಿಗೂ ತೇಲಿಹೋಗುತ್ತದೆ. ಇದ್ದರೆ ರಿಮೋಟ್‌ನಿಂದ ಬೆರಳು ತೆಗೆದರೂ ನಿಂತಲ್ಲೇ ನಿಲ್ಲುತ್ತದೆ. ಸಿಗ್ನಲ್ ಕಡಿದರೆ ಹೊರಟ ಜಾಗಕ್ಕೇ ಮರಳುತ್ತದೆ. ಮರಳುವ ಎತ್ತರವನ್ನು ಮಾತ್ರ ಸುತ್ತಲಿನ ತೆಂಗಿನಮರಗಳಿಗಿಂತ ಮೇಲಕ್ಕೆ ಮೊದಲೇ ಹೊಂದಿಸಿರಬೇಕು. ಇಲ್ಲದಿದ್ದರೆ ವಾಪಸ್ ಬರುವ ದಾರಿಯಲ್ಲೇ ಗರಿಗೆ ಸಿಕ್ಕಿಕೊಳ್ಳುವ ಅಪಾಯವಿದೆ.

ದೃಶ್ಯ ಚೆನ್ನಾಗಿ ಬರಲು ಪೆಟ್ಟಿಗೆಯ ಮೇಲಿನ ‘4ಕೆ’ಗಿಂತ ಮೂರು ಅಕ್ಷದ ಗಿಂಬಲ್ ಮುಖ್ಯ. ಗಾಳಿಗೆ ಡ್ರೋನ್ ಎಡಕ್ಕೆ ವಾಲಿದರೆ ಗಿಂಬಲ್‌ನ ಪುಟ್ಟ ಮೋಟಾರುಗಳು ಕ್ಯಾಮೆರಾವನ್ನು ಅಷ್ಟೇ ಬಲಕ್ಕೆ ತಿರುಗಿಸುತ್ತವೆ. ಹಾಗಾಗಿ ದೃಶ್ಯ ಅಲುಗಾಡದು.

ಬ್ಯಾಟರಿ ಎರಡಿರಲಿ. ರೆಕ್ಕೆ, ರಿಪೇರಿ ಎರಡೂ ಇಲ್ಲೇ ಸಿಗುತ್ತವೆಯೇ ಎಂದು ವಿಚಾರಿಸುವುದು ಅಗತ್ಯ. ಏಕೆಂದರೆ 2022ರ ಫೆಬ್ರವರಿಯಿಂದ ವಿದೇಶಿ ಡ್ರೋನ್‌ಗಳ ಆಮದಿಗೆ ನಿಷೇಧವಿದೆ.

ಹಾರಿಸುವ ಮುನ್ನ ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದಲ್ಲಿರುವ ನಕ್ಷೆ ನೋಡಬೇಕು. ಅದರಲ್ಲಿನ ಹಸಿರು ವಲಯದಲ್ಲಿ 400 ಅಡಿಯವರೆಗೆ ಹಾರಿಸಬಹುದು, ವಿಮಾನ ನಿಲ್ದಾಣದಿಂದ 8ರಿಂದ 12 ಕಿಲೋಮೀಟರ್ ಅಂತರದಲ್ಲಾದರೆ 200 ಅಡಿಯವರೆಗೆ ಮಾತ್ರ.