ಹಳೇ ಪಿಕಪ್: ಹೊಗೆ ನೋಡಿ ಮಾರಬೇಡಿ, ಚಾಸಿ ನೋಡದೆ ದುಡ್ಡು ಸುರಿಯಬೇಡಿ

ಹತ್ತು ವರ್ಷ ದುಡಿದ ಡೀಸೆಲ್ ಪಿಕಪ್ ಗ್ಯಾರೇಜಿನ ಮುಂದೆ ನಿಂತರೆ ಸಲಹೆ ಕೊಡುವವರಿಗೇನೂ ಬರವಿಲ್ಲ. ಅವರ ಮಾತಿನಲ್ಲಿ ಅರ್ಧ ನಿಜವಿರುತ್ತದೆ, ಉಳಿದರ್ಧ ಮಾಲೀಕನ ಜೇಬಿಗೆ ಬೀಳುತ್ತದೆ.

‘ಡೀಸೆಲ್ ಗಾಡಿಗೆ ಹತ್ತೇ ವರ್ಷ ಆಯಸ್ಸು, ಆಮೇಲೆ ಗುಜರಿ’ ಎನ್ನುವುದು ಎಲ್ಲರ ಬಾಯಲ್ಲಿರುವ ಮಾತು. ಹತ್ತು ವರ್ಷದ ಗಡಿ ಹುಟ್ಟಿದ್ದು ದೆಹಲಿ ಮತ್ತು ಅದರ ಸುತ್ತಲಿನ ರಾಜಧಾನಿ ವಲಯಕ್ಕೆ. 2015ರಲ್ಲಿ ಹಸಿರು ನ್ಯಾಯಮಂಡಳಿ ಆದೇಶ ಕೊಟ್ಟಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೋಲಾರದ ಟೊಮೆಟೊ ಗಾಡಿಗೂ ಅದಕ್ಕೂ ಸಂಬಂಧವಿಲ್ಲ. ನಮ್ಮಲ್ಲಿ ಸಾಗಣೆ ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ನಂತರ ಪ್ರತಿ ವರ್ಷ ಫಿಟ್‌ನೆಸ್ ಪ್ರಮಾಣಪತ್ರ, ಅಂದರೆ ಎಫ್‌ಸಿ ಆಗಬೇಕು. ಗಾಡಿಗೆ ವಯಸ್ಸಾದಂತೆ ಎಫ್‌ಸಿ ಶುಲ್ಕ ಏರುತ್ತದೆ ಎಂಬುದೂ ನಿಜ. ಎಫ್‌ಸಿ ಪಾಸಾಗುತ್ತಿದ್ದರೆ ಓಡಿಸಲು ಅಡ್ಡಿಯಿಲ್ಲ. ಮಾರುವ ಬದಲು ನೋಂದಾಯಿತ ಸ್ಕ್ರಾಪಿಂಗ್ ಕೇಂದ್ರಕ್ಕೆ ಕೊಟ್ಟು ಪ್ರಮಾಣಪತ್ರ ಪಡೆದರೆ, ಹೊಸ ಸಾಗಣೆ ವಾಹನದ ತೆರಿಗೆಯಲ್ಲಿ ಶೇ 15ರವರೆಗೆ ರಿಯಾಯಿತಿ ಕೊಡಲು ಕೇಂದ್ರದ ನಿಯಮದಲ್ಲಿ ಅವಕಾಶವಿದೆ. ಲೆಕ್ಕ ಹಾಕುವಾಗ ಇದನ್ನು ಮರೆಯಬೇಡಿ.

‘ಹೊಗೆ ಬಂತು, ಎಂಜಿನ್ ಮುಗೀತು.’ ಯಾವ ಬಣ್ಣದ ಹೊಗೆ ಎಂದು ಮೊದಲು ಕೇಳಬೇಕು. ಕಪ್ಪು ಹೊಗೆ ಅಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ಏರ್ ಫಿಲ್ಟರ್ ಕಟ್ಟಿರಬಹುದು, ಇಂಜೆಕ್ಟರ್ ಸೋರುತ್ತಿರಬಹುದು, ಟರ್ಬೋ ಹೋಸ್ ಬಿರುಕು ಬಿಟ್ಟಿರಬಹುದು. ಇವೆಲ್ಲ ಬೋರ್ ಮಾಡಿಸುವ ಖರ್ಚಿಗೆ ಹೋಲಿಸಿದರೆ ಸಣ್ಣ ಕೆಲಸಗಳು. ನೀಲಿ ಹೊಗೆ ಆಯಿಲ್ ಸುಡುತ್ತಿರುವ ಗುರುತು. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ಕೂಲಂಟ್ ಕೂಡ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ಮಿಸ್ತ್ರಿಗಳು ‘ಬ್ಯಾಕ್ ಕಂಪ್ರೆಶನ್’ ನೋಡುವುದು ಹೀಗೆ: ಬಿಸಿ ಎಂಜಿನ್ನನ್ನು ಐಡಲ್‌ನಲ್ಲಿ ಬಿಟ್ಟು ಆಯಿಲ್ ಹಾಕುವ ಮುಚ್ಚಳ ತೆಗೆಯುತ್ತಾರೆ. ಅಲ್ಲಿಂದ ಬುಸುಬುಸು ಹೊಗೆ ಬಂದರೆ ರಿಂಗು, ಲೈನರ್ ಸವೆದಿವೆ ಎಂದೇ ಹೆಚ್ಚಾಗಿ ಅರ್ಥ. ಅಷ್ಟಕ್ಕೇ ಒಪ್ಪಿಕೊಳ್ಳದೆ ಕಂಪ್ರೆಶನ್ ಗೇಜ್ ಹಾಕಿಸಿ, ಪ್ರತಿ ಸಿಲಿಂಡರಿನ ಅಳತೆ ಬರೆಸಿಕೊಳ್ಳಿ.

ಇನ್ನು ನನ್ನ ಪ್ರಕಾರ ಅತಿ ದುಬಾರಿ ತಪ್ಪು ಕಲ್ಪನೆ: ‘ಎಂಜಿನ್ ಹೊಸದು ಮಾಡಿದರೆ ಗಾಡಿಯೇ ಹೊಸದಾದಂತೆ.’ ಎಂಜಿನ್ನನ್ನು ಬಿಚ್ಚಿ ಮತ್ತೆ ಕಟ್ಟಬಹುದು, ತುಕ್ಕು ತಿಂದ ಚಾಸಿಯನ್ನು ಹಾಗೆ ಕಟ್ಟಲಾಗದು. ಮಲ್ಪೆ, ಮಂಗಳೂರಿನ ಮೀನಿನ ಗಾಡಿಗಳ ಕೆಳಗೆ ಒಮ್ಮೆ ಬಗ್ಗಿ ನೋಡಿ. ಐಸ್ ಕರಗಿದ ಉಪ್ಪುನೀರು ತೊಟ್ಟಿಯಿಂದ ತೊಟ್ಟಿಕ್ಕಿ ಚಾಸಿಯ ಒಳಗೆ ನಿಲ್ಲುತ್ತದೆ. ಹೊರಗಿನಿಂದ ಕಪ್ಪು ಪೇಂಟು ನೀಟಾಗಿ ಕಾಣುತ್ತಿರುತ್ತದೆ. ಕ್ಯಾಬಿನ್ನಿನ ಹಿಂದೆ ಮತ್ತು ಹಿಂದಿನ ಸ್ಪ್ರಿಂಗ್ ಹ್ಯಾಂಗರ್ ಕೂರುವ ಜಾಗದಲ್ಲಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಠಣ್ಣೆಂದರೆ ಕಬ್ಬಿಣ ಗಟ್ಟಿ. ದಬ್ ಎಂದು ಪದರ ಉದುರಿದರೆ ಸ್ಕ್ರೂಡ್ರೈವರಿನ ತುದಿ ಒತ್ತಿ ನೋಡಿ, ಒಳಗೆ ಇಳಿದರೆ ಎಂಜಿನ್ನಿಗೆ ಒಂದು ರೂಪಾಯಿ ಹಾಕುವುದೂ ದಂಡ. ಚಾಸಿ ನಂಬರೇ ತುಕ್ಕಿನಲ್ಲಿ ಅಳಿಸಿದ್ದರೆ ಎಫ್‌ಸಿಯಲ್ಲೂ ತಕರಾರು. ಬಿರುಕಿಗೆ ತಗಡಿನ ಪ್ಯಾಚ್ ಕೂರಿಸಿ ವೆಲ್ಡ್ ಮಾಡಿದವರು, ಸ್ವಲ್ಪ ದಿನಕ್ಕೆ ಪ್ಯಾಚಿನ ಪಕ್ಕದಲ್ಲೇ ಇನ್ನೊಂದು ಬಿರುಕು ಕಾಣುತ್ತಾರೆ.

‘ಪಂಪ್ ಸೆಟ್ಟಿಂಗ್ ಏರಿಸಿ, ಸ್ಪ್ರಿಂಗಿಗೆ ಎಕ್ಸ್‌ಟ್ರಾ ಪ್ಲೇಟ್ ಹಾಕಿದರೆ ಎರಡು ಟನ್ ಆರಾಮ’ ಎನ್ನುವವರೂ ಇದ್ದಾರೆ. ಪ್ಲೇಟ್ ಹೆಚ್ಚಿದ ಮಾತ್ರಕ್ಕೆ ಆರ್‌ಸಿಯಲ್ಲಿ ಬರೆದ ತೂಕ ಹೆಚ್ಚುವುದಿಲ್ಲ, ಬ್ರೇಕ್ ದೊಡ್ಡದಾಗುವುದಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಓವರ್‌ಲೋಡಿಗೆ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಪ್ರತಿ ಟನ್ನಿಗೆ 2,000 ದಂಡ ಹೇಳುತ್ತದೆ. ಬೇರೆ ಎಂಜಿನ್ ಕೂರಿಸುವುದಾದರೆ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ನಂಬರ್ ಬದಲಿಸಿಕೊಳ್ಳಬೇಕು. ಇಲ್ಲದಿದ್ದರೆ ಅಪಘಾತವಾದ ದಿನ ವಿಮಾ ಕಂಪನಿಯ ಮುಂದೆ ಉತ್ತರ ಕೊಡುವುದು ಕಷ್ಟ.

‘ಹೊಸ ಗಾಡಿ ತಗೊಂಡ್ರೆ ರಿಪೇರಿ ಖರ್ಚೇ ಇಲ್ಲ’ ಎಂಬ ಮಾತಿಗೆ ಲೆಕ್ಕವೇ ಉತ್ತರ. ಎಂಟು ಲಕ್ಷ ಸಾಲವನ್ನು ಶೇ 11ರ ಬಡ್ಡಿಗೆ ಐದು ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 17,400 ರೂಪಾಯಿ. ಒಂದು ಲಕ್ಷದ ಎಂಜಿನ್ ಕೆಲಸ ಅಂದರೆ ಆರು ಕಂತಿಗೂ ಕಡಿಮೆ. ಚಾಸಿ ಗಟ್ಟಿಯಿದ್ದು, ಆ ಕೆಲಸದಿಂದ ಗಾಡಿ ಇನ್ನೆರಡು ವರ್ಷ ದುಡಿದರೆ ರಿಪೇರಿಯೇ ಲಾಭ. ಹಾಗೆಂದು ಬಾಡಿಗೆ ತಪ್ಪಿದ ದಿನಗಳನ್ನು ಈ ಲೆಕ್ಕದಿಂದ ಬಿಡುವಂತಿಲ್ಲ. ತಿಂಗಳಿಗೆ ಐದಾರು ದಿನ ಗ್ಯಾರೇಜಿನಲ್ಲೇ ಕಳೆಯುವ ಗಾಡಿ ಕಂತಿಗಿಂತ ದುಬಾರಿ.

ಹೊಸ ಡೀಸೆಲ್ ಗಾಡಿಯೇ ಬೇಕೆನ್ನುವವರಿಗೆ ಇನ್ನೊಂದು ಮಾತು: 2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುತ್ತದೆ. ಹಿಡಿದ ಮಸಿ ಸುಟ್ಟುಹೋಗಲು ಗಾಡಿ ಬಿಡುವಿಲ್ಲದೆ ಒಂದಷ್ಟು ದೂರ ಓಡಬೇಕು. ಬೀದಿಬೀದಿ ನಿಲ್ಲಿಸಿ ತರಕಾರಿ ಮಾರುವವರ ಗಾಡಿಗೆ ಆ ಓಟ ಸಿಗುವುದಿಲ್ಲ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಅಂಥವರು ಬದಲಾಯಿಸಲೇಬೇಕಿದ್ದರೆ ಸಿಎನ್‌ಜಿ ಅಥವಾ ಎಲೆಕ್ಟ್ರಿಕ್ ಗಾಡಿ ನೋಡುವುದು ಜಾಣತನ.

ಷೋರೂಮಿಗಾಗಲಿ ಮಿಸ್ತ್ರಿಗಾಗಲಿ ಅಡ್ವಾನ್ಸ್ ಕೊಡುವ ಮುನ್ನ ಗಾಡಿಯನ್ನು ರ‍್ಯಾಂಪಿಗೆ ಹತ್ತಿಸಿ, ಸುತ್ತಿಗೆ ಹಿಡಿದು ನೀವೇ ಕೆಳಗೆ ಇಳಿಯಿರಿ.