ಅಲಗು ತಾಕದೆ ಅಳೆದ ಸಸ್ಯರಸ

ಬೇರು ಹೀರಿದ ನೀರು ಎಲೆಗೇರುವುದು ಕ್ಸೈಲಮ್ ನಾಳಗಳಲ್ಲಿ. ಎಲೆಯಲ್ಲಿ ಸಿದ್ಧವಾದ ಸಕ್ಕರೆಯನ್ನು ಹೊತ್ತ ರಸವು ಬೇರಿಗೂ ಹಣ್ಣಿಗೂ ಹರಿಯುವುದು ಫ್ಲೋಯಮ್ ನಾಳಗಳಲ್ಲಿ. ಇವುಗಳಲ್ಲಿ ಎರಡನೆಯ ಪ್ರವಾಹದ ವೇಗವನ್ನು ಅರಿಯುವುದು ಸಸ್ಯಶಾಸ್ತ್ರಜ್ಞರಿಗೆ ಬಹುಕಾಲ ದುಸ್ಸಾಧ್ಯವಾಗಿಯೇ ಉಳಿಯಿತು. ಏಕೆಂದರೆ ಫ್ಲೋಯಮ್‌ನೊಳಗಿನ ಒತ್ತಡ ಅತ್ಯಧಿಕವಾದುದು. ಅಲಗು ತಾಕಿದೊಡನೆಯೇ ಅದರ ಜರಡಿಯಂಥ ಅಡ್ಡಗೋಡೆಗಳು ಪ್ರೋಟೀನಿನಿಂದಲೂ ಕ್ಯಾಲೋಸ್ ಎಂಬ ದ್ರವ್ಯದಿಂದಲೂ ಮುಚ್ಚಿಕೊಳ್ಳಲಾರಂಭಿಸಿ, ನಾವು ಯಾವುದನ್ನು ಅಳೆಯಹೊರಟೆವೋ ಅದೇ ನಿಂತುಹೋಗುವುದು. 1953ರಲ್ಲಿ ಕೆನೆಡಿ ಮತ್ತು ಮಿಟ್ಲರ್ ಎಂಬ ವಿಜ್ಞಾನಿಗಳು ರಸ ಹೀರುತ್ತಿದ್ದ ಗಿಡಹೇನಿನ ದೇಹವನ್ನು ಕತ್ತರಿಸಿ ತೆಗೆದು, ಗಿಡದಲ್ಲಿ ನೆಟ್ಟುಳಿದ ಅದರ ಹೀರುಗೊಳವೆಯಿಂದ ಹೊರಸೂಸುವ ರಸವನ್ನು ಸಂಗ್ರಹಿಸಿದರು. ಎಷ್ಟು ಸೊಗಸಾದ ಉಪಾಯ! ಆದರೂ ಅದು ರಸದ ಗುಣವನ್ನು ತಿಳಿಸಿತೇ ಹೊರತು ಇಡೀ ಕಾಂಡದ ಹರಿವನ್ನು ತೋರಿಸಲಿಲ್ಲ.

ಗಾಯಮಾಡದೆ ನೋಡುವ ಮಾರ್ಗವು ಭೌತವಿಜ್ಞಾನದಿಂದ ಬಂದಿತು. ನೀರಿನ ಅಣುವಿನಲ್ಲಿರುವ ಜಲಜನಕದ ಪರಮಾಣುಬೀಜವು, ಬಲವಾದ ಕಾಂತಕ್ಷೇತ್ರದಲ್ಲಿ ಇರಿಸಿದಾಗ, ಓಲಾಡುತ್ತ ತಿರುಗುವ ಬುಗುರಿಯಂತೆ ನಿಯತವಾದ ಲಯದಲ್ಲಿ ಸುತ್ತುವುದು. ಕ್ಷೇತ್ರವು ಒಂದು ಟೆಸ್ಲಾ ಇದ್ದರೆ ಸೆಕೆಂಡಿಗೆ ಸುಮಾರು 4 ಕೋಟಿ 26 ಲಕ್ಷ ಸಲ. ಅದೇ ಆವರ್ತನದ ರೇಡಿಯೋ ತರಂಗಕ್ಕೆ ಈ ಬೀಜಗಳು ಸ್ಪಂದಿಸುತ್ತವೆಂಬುದನ್ನು ಬ್ಲಾಕ್ ಮತ್ತು ಪರ್ಸೆಲ್ ಅವರು 1946ರಲ್ಲಿ ಪ್ರತ್ಯೇಕವಾಗಿ ತೋರಿಸಿದರು. ಕ್ಷೇತ್ರದ ಬಲವನ್ನು ಸ್ಥಳದಿಂದ ಸ್ಥಳಕ್ಕೆ ಕ್ರಮವಾಗಿ ಬದಲಿಸಿದರೆ ಲಯವೂ ಬದಲಾಗುವುದರಿಂದ, ಯಾವ ಸ್ಪಂದನ ಎಲ್ಲಿಂದ ಬಂದಿತೆಂದು ತಿಳಿಯಬಹುದು. ಇಂಥ ಏರುಪೇರಿನ ಕ್ಷೇತ್ರವನ್ನು ಒಮ್ಮೆ ಕ್ಷಣಕಾಲ ಹಾಯಿಸಿ, ಸ್ವಲ್ಪ ತಡೆದು, ಅದರ ಪರಿಣಾಮವನ್ನು ಅಳಿಸುವಂತೆ ಮತ್ತೊಮ್ಮೆ ಹಾಯಿಸಿದರೆ, ಕದಲದ ನೀರಿನಲ್ಲಿ ಯಾವ ಗುರುತೂ ಉಳಿಯದು. ನಡುವೆ ಸ್ಥಳ ಬಿಟ್ಟ ನೀರಿನಲ್ಲಿ ಮಾತ್ರ ಅದು ಸಾಗಿದ ದೂರಕ್ಕೆ ತಕ್ಕ ಗುರುತು ಉಳಿಯುವುದು.

ನಿಜವಾದ ತೊಡಕು ಇರುವುದು ಇಲ್ಲಿಯೇ. ನಿಂತ ನೀರೆಂಬುದೂ ನಿಶ್ಚಲವಲ್ಲ. ಉಷ್ಣದ ಕಾರಣದಿಂದ ಅದರ ಅಣುಗಳು ಸದಾ ಅಲೆಯುತ್ತಿರುವುವು, ತಡೆಯಿಲ್ಲದಿದ್ದರೆ ಸೆಕೆಂಡಿನ ಹತ್ತನೆಯ ಒಂದಂಶದಲ್ಲಿ ಸುಮಾರು 0.02 ಮಿಲಿಮೀಟರಿನಷ್ಟು. ಅಷ್ಟೇ ಅವಧಿಯಲ್ಲಿ ಫ್ಲೋಯಮ್ ರಸವು ಮುಂದುವರಿಯುವ ದೂರವೋ 0.03 ಮಿಲಿಮೀಟರಿನ ಆಸುಪಾಸು. ಈ ಎರಡನ್ನೂ ಬೇರ್ಪಡಿಸಿದ ಯುಕ್ತಿ ನನಗೆ ಅತ್ಯಂತ ಪ್ರಿಯವಾದುದು. ಅಲೆದಾಟಕ್ಕೆ ದಿಕ್ಕಿಲ್ಲ, ಮೇಲಕ್ಕೆಷ್ಟೋ ಕೆಳಕ್ಕೂ ಅಷ್ಟೇ, ಹರಿವಿಗಾದರೋ ದಿಕ್ಕುಂಟು. ಆದಕಾರಣ ಹರಿವಿಲ್ಲದ ದಿಕ್ಕಿನ ಚಲನೆಯ ಲೆಕ್ಕವನ್ನು ಪ್ರತಿಬಿಂಬದಂತೆ ಮಗುಚಿ, ಹರಿವುಳ್ಳ ದಿಕ್ಕಿನ ಲೆಕ್ಕದಿಂದ ಕಳೆದರೆ, ಶೇಷವಾಗಿ ಉಳಿಯುವುದು ಶುದ್ಧ ಪ್ರವಾಹವೇ.

ಹಾಲೆಂಡಿನ ವಾಗನಿಂಗನ್‌ನಲ್ಲಿ ವಿಂಟ್, ವಾನ್ ಆಸ್ ಮತ್ತು ಸಂಗಡಿಗರು ಈ ಕ್ರಮದಿಂದ ಪಾಪ್ಲರ್, ಟೊಮೇಟೊ, ಹೊಗೆಸೊಪ್ಪು ಹಾಗೂ ನಮ್ಮ ಹೊಲದ ಬದುಗಳಲ್ಲಿ ಬೆಳೆಯುವ ಔಡಲ ಈ ನಾಲ್ಕನ್ನೂ ಪರೀಕ್ಷಿಸಿ 2006ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮರ, ಬಳ್ಳಿಯಂಥ ಗಿಡ, ಪೊದೆ ಎಂದು ಆಕಾರದಲ್ಲಿ ಇಷ್ಟು ಭಿನ್ನವಾದ ಸಸ್ಯಗಳಲ್ಲಿಯೂ ಫ್ಲೋಯಮ್ ರಸದ ಸರಾಸರಿ ವೇಗ ಸೆಕೆಂಡಿಗೆ 0.25ರಿಂದ 0.40 ಮಿಲಿಮೀಟರಿನ ಒಳಗೇ ಇದ್ದಿತು. ಎಂದರೆ ಗಂಟೆಗೆ ಸುಮಾರು ಒಂದು ಮೀಟರು ಅಥವಾ ಕೊಂಚ ಹೆಚ್ಚು. ಈ ಸಾಮ್ಯಕ್ಕೆ ಕಾರಣವೇನೆಂಬುದು ವಿಚಾರಾರ್ಹವಾದ ಪ್ರಶ್ನೆ.

ಕ್ಸೈಲಮ್‌ನ ವಿಷಯದಲ್ಲಿಯೂ ಅಲಗನ್ನು ನಂಬುವಂತಿಲ್ಲ. ಅಲ್ಲಿನ ನೀರು ಜಗ್ಗಿದ ಸ್ಥಿತಿಯಲ್ಲಿರುವುದರಿಂದ, ಕತ್ತರಿಸುವ ಕ್ರಿಯೆಯೇ ನಾಳಗಳಲ್ಲಿ ಗಾಳಿಯ ತಡೆಗಳನ್ನು ಹುಟ್ಟಿಸಬಲ್ಲುದೆಂದು 2013ರಲ್ಲಿ ವೀಲರ್ ಮತ್ತು ಸಹೋದ್ಯೋಗಿಗಳು ತೋರಿಸಿಕೊಟ್ಟರು.

ಕಾಂತಕ್ಷೇತ್ರದಿಂದ ಹರಿವನ್ನು ಅಳೆಯುವ ಯಂತ್ರಕ್ಕೂ ಮಿತಿಯುಂಟು. ಅದು ಕೊಡುವ ಚಿತ್ರದ ಒಂದೊಂದು ಚುಕ್ಕೆಯಲ್ಲಿ ಅನೇಕ ನಾಳಗಳು ಅಡಗಿರುವುದರಿಂದ ದೊರೆಯುವುದು ಬಹುಮಟ್ಟಿಗೆ ಸರಾಸರಿಯೇ. ಗಿಡವನ್ನು ಕುಂಡಸಹಿತ ಕಾಂತದ ಬಳಿಗೆ ಒಯ್ಯಬೇಕಾದುದರಿಂದ ಬೆಳೆದ ಮರಗಳು ಹೊರಗೇ ಉಳಿದುವು. ಜರ್ಮನಿಯ ಯೂಲಿಶ್‌ನಲ್ಲಿ ವಿಂಟ್ ಮತ್ತು ಜೊತೆಗಾರರು 2011ರಲ್ಲಿ ವರ್ಣಿಸಿದ ಕಾಂತವಾದರೋ ಕೈಯಲ್ಲಿ ಒಯ್ಯಬಹುದಾದುದು. ಬಲಪ್ರಯೋಗವಿಲ್ಲದೆ ತೆರೆದು ಮುಚ್ಚಬಹುದಾದ ಅದನ್ನು ನಿಂತ ಗಿಡದ ಕಾಂಡದ ಸುತ್ತ ತೊಡಿಸಿ ಅಳತೆಯನ್ನು ಆರಂಭಿಸಬಹುದು.